ಸಣ್ಣ ವೆಬ್‌ಸೈಟುಗಳೂ ಡೈರೆಕ್ಟರಿಗಳೂ

ಬೆಳೆಯನ್ನು ಬೆಳೆಯುವುದು ಒಂದು ಕೆಲಸ. ಬೆಳೆದ ಮಾಲು ಇಂಥಲ್ಲಿ ದೊರೆಯುವುದೆಂದು ಕೊಳ್ಳುವವನಿಗೆ ತಿಳಿಯುವಂತೆ ಮಾಡುವುದು ಮತ್ತೊಂದು ಕೆಲಸ. ಈ ಎರಡನೆಯ ಕೆಲಸಕ್ಕಾಗಿ ಭೂಮಾಲೀಕರೂ ರೈತಸಂಘಗಳವರೂ ಅಂತರ್ಜಾಲದಲ್ಲಿ ಸಣ್ಣ ವೆಬ್‌ಸೈಟುಗಳನ್ನು ಏರ್ಪಡಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿಯು. ಆದರೆ ವೆಬ್‌ಸೈಟನ್ನು ಮಾಡಿಸಿದ ಮಾತ್ರಕ್ಕೆ ಗಿರಾಕಿಗಳು ಬರುವರೆಂದು ತಿಳಿಯುವುದು, ಬಂಡಿದಾರಿಯೂ ಇಲ್ಲದ ಹೊಲದ ನಡುವೆ ಅಂಗಡಿಯನ್ನು ತೆರೆದು ಕಾದು ಕುಳಿತಂತೆಯೇ ಸರಿ. ಆ ದಾರಿಯನ್ನು ತಾವು ಮಾಡಿಕೊಡುವುದಾಗಿಯೂ, ಸಾವಿರ ಡೈರೆಕ್ಟರಿಗಳಲ್ಲಿ ಹೆಸರನ್ನು ಸೇರಿಸುವುದಾಗಿಯೂ ಹೇಳಿ ಹಣವನ್ನು ಕೇಳುವವರುಂಟು. ಅವರಿಗೆ ಹಣವನ್ನು ಕೊಡಬಾರದೆಂಬುದೂ, ಆದರೆ ಒಳ್ಳೆಯ ಪಟ್ಟಿಗಳನ್ನು ಅಲಕ್ಷ್ಯ ಮಾಡಬಾರದೆಂಬುದೂ ನಮ್ಮ ಅಭಿಪ್ರಾಯವು. ಇದಕ್ಕೆ ಕಾರಣಗಳನ್ನು ವಿವರಿಸುತ್ತೇವೆ.

ಡೈರೆಕ್ಟರಿಯೆಂದರೆ ವೆಬ್‌ಸೈಟುಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ಒಂದೊಂದಕ್ಕೂ ಎರಡು ಮಾತಿನ ವಿವರಣೆಯನ್ನು ಬರೆದು ಇಟ್ಟಿರುವ ಪಟ್ಟಿಯು. 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್, ಡೇವಿಡ್ ಫೈಲೊ ಎಂಬಿಬ್ಬರು ಮೊದಲು ಮಾಡಿದ ಇಂಥ ಪಟ್ಟಿಯೇ ಯಾಹೂ ಎಂದು ಹೆಸರಾಯಿತು. 1998ರಲ್ಲಿ ಡಿಮಾಜ್ ಎಂಬ ಮತ್ತೊಂದು ಪಟ್ಟಿಯು ಆರಂಭವಾಗಿ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕ ಸಂಪಾದಕರಿಂದ ನಡೆಯುತ್ತಿತ್ತು. ಈ ಎರಡರಲ್ಲಿಯೂ ಮನುಷ್ಯನೊಬ್ಬನು ತಾಣವನ್ನು ತೆರೆದು ನೋಡಿ, ಯೋಗ್ಯವೆಂದು ತೋರಿದರೆ ಮಾತ್ರ ಸೇರಿಸುತ್ತಿದ್ದನು. ಯಾಹೂ ಸಂಸ್ಥೆಯವರು ವ್ಯಾಪಾರದ ತಾಣಗಳಿಂದ ವರ್ಷಕ್ಕೆ 299 ಡಾಲರುಗಳನ್ನು ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿಯೂ ಆ ಹಣವು ಪರೀಕ್ಷೆಯ ಶುಲ್ಕವೇ ಹೊರತು ಪ್ರವೇಶದ ಭರವಸೆಯಾಗಿರಲಿಲ್ಲ. ಡಿಮಾಜಿನಲ್ಲಾದರೋ ಶುಲ್ಕವೇ ಇರಲಿಲ್ಲ.

ಇಂಥ ಪಟ್ಟಿಯಿಂದ ಎರಡು ಪ್ರಯೋಜನಗಳಿದ್ದವು. ಓದುವವನು ಅದರ ಮೂಲಕ ನೇರವಾಗಿ ತಾಣಕ್ಕೆ ಬರುತ್ತಿದ್ದನು; ಇದು ಮೊದಲನೆಯದು. ಗೂಗಲ್ ಮೊದಲಾದ ಶೋಧಕ ಯಂತ್ರಗಳು ಒಂದು ಪುಟದ ಕೊಂಡಿಯಿಂದ ಮತ್ತೊಂದು ಪುಟಕ್ಕೆ ಹೋಗುತ್ತ ಹೊಸ ತಾಣಗಳನ್ನು ಕಂಡುಕೊಳ್ಳುವುದಲ್ಲದೆ, ಒಳ್ಳೆಯ ಕಡೆಯಿಂದ ಬಂದ ಕೊಂಡಿಯನ್ನು ಆ ತಾಣಕ್ಕೆ ದೊರೆತ ಶಿಫಾರಸಿನಂತೆ ಎಣಿಸುತ್ತಿದ್ದವು, ಇದು ಎರಡನೆಯದು. ಕೆಡುಕು ಹುಟ್ಟಿದುದು ಈ ಎರಡನೆಯದರಿಂದಲೇ. ಯಾವ ಪರೀಕ್ಷೆಯೂ ಇಲ್ಲದೆ, ಕೊಂಡಿಯನ್ನು ಮಾರುವುದಕ್ಕಾಗಿಯೇ ಲೆಕ್ಕವಿಲ್ಲದಷ್ಟು ಹುಸಿ ಡೈರೆಕ್ಟರಿಗಳು ಹುಟ್ಟಿಕೊಂಡವು. ಗೂಗಲ್ ಸಂಸ್ಥೆಯವರು 2012ರ ಏಪ್ರಿಲಿನಲ್ಲಿ ತಮ್ಮ ಕ್ರಮವನ್ನು ತಿದ್ದಿ, ಇಂಥ ಕೃತಕ ಕೊಂಡಿಗಳನ್ನು ನೆಚ್ಚಿಕೊಂಡ ತಾಣಗಳನ್ನು ಕೆಳಕ್ಕೆ ಇಳಿಸಿದರು. ಕಳಪೆ ಡೈರೆಕ್ಟರಿಗಳ ಕೊಂಡಿಗಳು ನಿಷಿದ್ಧವೆಂದು ಅವರ ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಆದಕಾರಣ ಸಾವಿರ ಪಟ್ಟಿಗಳಿಗಾಗಿ ಹಣವನ್ನು ತೆತ್ತವನಿಗೆ ಹಣವೂ ನಷ್ಟ, ಇದ್ದ ಸ್ಥಾನಕ್ಕೂ ಅಪಾಯ.

ಯಾಹೂ ಡೈರೆಕ್ಟರಿಯು 2014ರ ಕೊನೆಗೂ, ಡಿಮಾಜು 2017ರ ಮಾರ್ಚಿಯಲ್ಲಿಯೂ ಮುಚ್ಚಿಹೋದುವು. ಹೀಗಿರಲು ಪಟ್ಟಿಗಳ ಗೊಡವೆಯೇ ಏಕೆಂದು ಕೆಲವರು ಕೇಳಬಹುದು. ಈ ಮಾತನ್ನು ನಾವು ಒಪ್ಪುವುದಿಲ್ಲ. ಮುಚ್ಚಿದುದು ಆ ಪುಸ್ತಕಗಳೇ ಹೊರತು, ನಂಬಿಕೆಯುಳ್ಳವರು ಇಟ್ಟ ಪಟ್ಟಿಯನ್ನು ನೋಡಿ ವ್ಯಾಪಾರ ಮಾಡುವ ಮನುಷ್ಯಸ್ವಭಾವವಲ್ಲ. ಡಿಮಾಜಿನ ಕೆಲಸವನ್ನೇ ಅದರ ಹಳೆಯ ಸಂಪಾದಕರು ಕರ್ಲಿ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಕೊಳ್ಳುವವರು ಬಂದುಹೋಗುವ ಅಂಗಡಿಯಾಗಲಿ ಗೋದಾಮಾಗಲಿ ಇದ್ದವರು ಗೂಗಲಿನ ವ್ಯಾಪಾರಸ್ಥರ ಪಟ್ಟಿಯಲ್ಲಿ ಶುಲ್ಕವಿಲ್ಲದೆ ನಮೂದಾಗಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಅಂಥ ಸ್ಥಳವನ್ನು ಗುರುತಿಸುವುದಕ್ಕೂ ಹಣ ಬೇಕಿಲ್ಲ. ತಮ್ಮ ಬೆಳೆಗೆ ಸಂಬಂಧಪಟ್ಟ ಮಂಡಲಿ, ಸಹಕಾರ ಸಂಘ, ವರ್ತಕರ ಸಂಘ ಇವುಗಳಲ್ಲಿ ಯಾವುದಾದರೂ ಪಟ್ಟಿಯನ್ನಿಟ್ಟಿದ್ದರೆ ಅದರಲ್ಲಿ ಸೇರುವುದು ಇವೆಲ್ಲಕ್ಕಿಂತಲೂ ಮೇಲು. ಏಕೆಂದರೆ ನಿಜವಾದ ಕೊಳ್ಳುಗನು ನೋಡುವುದು ಅಲ್ಲಿಯೇ. ನೋಡುವ ಕಣ್ಣುಳ್ಳ ಐದು ಪಟ್ಟಿಗಳು, ಯಾರೂ ನೋಡದ ಸಾವಿರಕ್ಕಿಂತ ಲೇಸು.

ನಮೂದನ್ನು ಮಾಡಿಸುವಾಗ ಈ ಕೆಳಗಿನ ಸಂಗತಿಗಳನ್ನು ಗಮನಿಸತಕ್ಕದ್ದು. ವೆಬ್‌ಸೈಟು ಪೂರ್ತಿಯಾಗುವುದಕ್ಕೆ ಮುಂಚೆ ಅರ್ಜಿಯನ್ನು ಕಳುಹಿಸಕೂಡದು. ಅರ್ಧ ಕಟ್ಟಿದ ಮನೆಯನ್ನು ಪರೀಕ್ಷಕರು ಒಪ್ಪುವುದಿಲ್ಲ. ತಕ್ಕ ವಿಭಾಗವೊಂದನ್ನೇ ಆರಿಸಿಕೊಳ್ಳಬೇಕು. ವಿವರಣೆಯಲ್ಲಿ “ಜಗತ್ತಿನಲ್ಲೇ ಶ್ರೇಷ್ಠ” ಮೊದಲಾದ ಹೊಗಳಿಕೆಗಳನ್ನು ಬಿಟ್ಟು, ಯಾವ ಊರು, ಯಾವ ಬೆಳೆ, ಯಾವ ತಿಂಗಳಲ್ಲಿ ದೊರೆಯುವುದು, ಎಷ್ಟಕ್ಕೆ ಕಡಮೆ ಮಾರುವುದಿಲ್ಲ ಎಂಬಷ್ಟನ್ನೇ ಬರೆಯಬೇಕು. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಎಲ್ಲ ಪಟ್ಟಿಗಳಲ್ಲಿಯೂ ಅಕ್ಷರಶಃ ಒಂದೇ ಆಗಿರಬೇಕು. ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆಯಬೇಕಾಗುವುದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ. ಕಡೆಯದಾಗಿ, ಪಟ್ಟಿಯ ಗುಪ್ತಪದವು ಮಧ್ಯವರ್ತಿಯ ಕೈಯಲ್ಲಿರದೆ ಮಾಲೀಕನ ಕೈಯಲ್ಲಿಯೇ ಇರಬೇಕು.

ಗ್ರಾಮದ ಮುಖಂಡರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಎಲ್ಲ ರೈತರೂ ಈ ಕೆಲಸವನ್ನು ತಾವೇ ಮಾಡಿಕೊಳ್ಳಲಾರರು. ಊರಿನಲ್ಲಿ ಓದಿಕೊಂಡ ಹುಡುಗನೊಬ್ಬನನ್ನೋ ಹುಡುಗಿಯೊಬ್ಬಳನ್ನೋ ಗೊತ್ತುಮಾಡಿ, ಊರಿನ ತಾಣಗಳು ಯಾವ ಯಾವ ಪಟ್ಟಿಗಳಲ್ಲಿ ಇವೆಯೆಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸಿ, ವರ್ಷಕ್ಕೆರಡಾವರ್ತಿ, ಸುಗ್ಗಿಗೆ ಮುಂಚಿತವಾಗಿ, ತಪ್ಪುಗಳನ್ನು ತಿದ್ದಿಸಬೇಕು. ಬದಲಾದ ದೂರವಾಣಿ ಸಂಖ್ಯೆಯನ್ನು ತಿದ್ದದೆ ಬಿಟ್ಟರೆ, ದೂರದಿಂದ ಕೇಳಿದ ಗಿರಾಕಿಯು ಉತ್ತರವನ್ನು ಕಾಣದೆ ಬೇರೆಯವರ ಬಾಗಿಲಿಗೆ ಹೋಗುವನು. ಬೆಳೆದವನಿಗೆ ಆ ಸಂಗತಿಯು ತಿಳಿಯುವುದೂ ಇಲ್ಲ. ಇದಕ್ಕೆ ಬೇಕಾದುದು ಹಣವಲ್ಲ, ಎಚ್ಚರ. ಸತ್ಯವಾದ ನಾಲ್ಕು ಮಾತನ್ನು ಸರಿಯಾದ ಸ್ಥಳದಲ್ಲಿ ಬರೆಯಿಸಿ ಅದನ್ನು ಕಾಪಾಡಿಕೊಂಡು ಬಂದಲ್ಲಿ, ಸಣ್ಣ ಹಿಡುವಳಿದಾರನ ಹೆಸರೂ ದೊಡ್ಡ ಪೇಟೆಯವರೆಗೆ ತಲಪುವುದೆಂದು ನಾವು ನಂಬಿರುತ್ತೇವೆ.