ಬೇಟೆಗೆ ಸಲ್ಲುವ ತಿಂಗಳು ಯಾವುದು?

ಮರಿ ಹಾಕುವ ಕಾಲವೊಂದನ್ನು ಬಿಟ್ಟು ಹೊಡೆದರೆ ಕಾಡಿಗೆ ನಷ್ಟವಿಲ್ಲ ಎಂಬ ವಾದ ಮಲೆನಾಡಿನ ಬೇಟೆಗಾರರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಮೇಲ್ನೋಟಕ್ಕೆ ವಿವೇಕದಂತೆ ಕಾಣುವ ಈ ಮಾತು ನಮ್ಮ ಕಾಡಿಗೆ ಹೊಂದುವುದೇ ಎಂಬುದನ್ನು ಪರೀಕ್ಷಿಸಬೇಕಾಗಿದೆ.

ಶೀತದೇಶಗಳಲ್ಲಿ ಈ ಲೆಕ್ಕಾಚಾರಕ್ಕೆ ಆಧಾರವಿದೆ. ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆ ಹಗಲು ಕಿರಿದಾದಂತೆ ಬೆದೆಗೆ ಬರುತ್ತದೆ. ಖಂಡದ ಉತ್ತರ ಭಾಗದಲ್ಲಿ ನವೆಂಬರ್ ಬೆದೆಯ ತಿಂಗಳು. ಮರಿಗಳು ಹುಟ್ಟುವುದು ಮೇ-ಜೂನ್‌ನಲ್ಲಿ. ಹಿಮದಲ್ಲಿ ಹುಟ್ಟಿದ ಮರಿ ಉಳಿಯದಾದ್ದರಿಂದ ನಿಸರ್ಗವೇ ಅಲ್ಲಿ ಕಾಲವನ್ನು ಗೊತ್ತುಮಾಡಿದೆ. ಬ್ರಿಟಿಷರ 1912ರ ವನ್ಯಪಕ್ಷಿ-ಪ್ರಾಣಿ ರಕ್ಷಣಾ ಕಾಯಿದೆಯೂ ಇಂತಹ ನಿಷಿದ್ಧಕಾಲದ ಕಲ್ಪನೆಯನ್ನೇ ಇಲ್ಲಿಗೆ ತಂದಿತು.

ಆದರೆ ನಮ್ಮ ಕಾಡಿನ ಪಂಚಾಂಗ ಬೇರೆ. ಚುಕ್ಕೆ ಜಿಂಕೆಯ ಬೆದೆ ಬೇಸಿಗೆಯಲ್ಲಿ ಹೆಚ್ಚಾದರೂ ವರ್ಷದ ಯಾವ ತಿಂಗಳಲ್ಲಾದರೂ ಮರಿ ಕಾಣಬಹುದು. ಒಂದೇ ಹಿಂಡಿನಲ್ಲಿ ಬಲಿತ ಕೊಂಬಿನ ಗಂಡೂ ಮಖಮಲ್ಲು ಹೊದ್ದ ಎಳೆಗೊಂಬಿನ ಗಂಡೂ ಜೊತೆಗಿರುತ್ತವೆ. ಕಡವೆಯ ಬೆದೆ ಹೆಚ್ಚಾಗಿ ಚಳಿಗಾಲದ್ದು. ಸುಮಾರು ಎಂಟು ತಿಂಗಳು ಗರ್ಭ ಹೊತ್ತು ಅದು ಮಳೆಗಾಲದ ಆಸುಪಾಸಿನಲ್ಲಿ ಈಯುತ್ತದೆ. ಕಾಡುಕುರಿಗಂತೂ ನಿಯತ ಕಾಲವೇ ಇಲ್ಲ. ಈದ ಕೆಲವೇ ದಿನಗಳಲ್ಲಿ ಅದು ಮತ್ತೆ ಗರ್ಭ ಧರಿಸಬಲ್ಲದು. ಒಂದಕ್ಕೆ ಬಿಡುವಾದ ತಿಂಗಳು ಇನ್ನೊಂದಕ್ಕೆ ಬಾಣಂತನದ ತಿಂಗಳು.

ಮೇಲಾಗಿ, ತಾಯಿ ಎಳೆಯ ಮರಿಯನ್ನು ಪೊದೆಯಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಜೀಪಿನ ಬೆಳಕಿಗೆ ಕಾಣುವುದು ಹೊಳೆಯುವ ಎರಡು ಕಣ್ಣು ಮಾತ್ರ. ಗಬ್ಬದ ಹೆಣ್ಣೇ, ಹಾಲೂಡುವ ತಾಯಿಯೇ ಎಂದು ಕೋವಿ ಹಿಡಿದವನಿಗೆ ತಿಳಿಯದು. ತಂತಿಯ ಉರುಳಿಗಂತೂ ಆ ಪ್ರಶ್ನೆಯೇ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೊದಲು ಪರವಾನಗಿಯ ಬೇಟೆಗೆ ಎಡೆಗೊಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಬೆಳೆಗೆ ಹಾನಿಯಾದಾಗಲೂ ಅಧಿಕೃತ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಕೊಲ್ಲುವಂತಿಲ್ಲ. ರೈತನ ನಷ್ಟ ಸುಳ್ಳಲ್ಲ. ಅದಕ್ಕೆ ಸಕಾಲದಲ್ಲಿ ನ್ಯಾಯವಾದ ಪರಿಹಾರ ದೊರೆಯಬೇಕೆಂಬುದು ನಮ್ಮ ಒತ್ತಾಯವೂ ಹೌದು. ಆದರೆ ಗದ್ದೆಯ ನಷ್ಟದ ಹೆಸರಿನಲ್ಲಿ ಮಾಂಸಕ್ಕಾಗಿ ಕಾಡಿನೊಳಗೆ ನಡೆಯುವ ಬೇಟೆಯನ್ನು ಒಪ್ಪಲಾಗದು.

ಹುಲಿಯ ಸಂಖ್ಯೆ ಅದರ ಆಹಾರವಾದ ಪ್ರಾಣಿಗಳ ಸಂಖ್ಯೆಯನ್ನು ಅವಲಂಬಿಸಿದೆ ಎಂಬುದನ್ನು ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ನಡೆಸಿದ ಅಧ್ಯಯನಗಳು ಮನಗಾಣಿಸಿವೆ. ಕಡವೆ-ಜಿಂಕೆಗಳು ಬರಿದಾದ ಕಾಡಿನ ಅಂಚಿನಲ್ಲಿ ಚಿರತೆ ಕೊಟ್ಟಿಗೆಯತ್ತ ತಿರುಗಿದರೆ ನಷ್ಟ ಹೊರಬೇಕಾದವರು ದನ ಕಟ್ಟಿದವರೇ.

ಆದ್ದರಿಂದ ಬಿಡುವಿನ ತಿಂಗಳನ್ನು ಹುಡುಕುವ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸೋಣ. ಉರುಳು ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸುವ, ಬೇಟೆಯ ಮಾಂಸವನ್ನು ಕೊಳ್ಳದಿರುವ ನಿರ್ಧಾರವನ್ನು ಪ್ರತಿ ಗ್ರಾಮಸಭೆಯೂ ಕೈಗೊಳ್ಳಲಿ. ಓದುಗರು ತಮ್ಮ ಊರಿನಿಂದಲೇ ಇದನ್ನು ಆರಂಭಿಸಬೇಕೆಂದು ಕೋರುತ್ತೇವೆ.