ಹೊರದೇಶದ ಓದು: ಮೊದಲ ಮೂರು ತಿಂಗಳ ಪಾಡು

ನಂಜನಗೂಡು, ತಿರುಮಕೂಡಲು ನರಸೀಪುರದ ಹಳ್ಳಿಗಳಿಂದಲೂ ಈಗ ಮಕ್ಕಳು ಇಂಗ್ಲೆಂಡಿಗೆ, ಜರ್ಮನಿಗೆ ಓದಲು ಹೊರಡುತ್ತಿದ್ದಾರೆ. ಸಂತೋಷಪಡಬೇಕಾದ ಸಂಗತಿಯೇ. ಹೊರಡುವ ದಿನ ಶಾಲು, ಹಾರ, ಬಸ್ ನಿಲ್ದಾಣದ ಎದುರು ಫ್ಲೆಕ್ಸು, ಮುಖಂಡರ ಭಾಷಣ ಎಲ್ಲವೂ ಆಗುತ್ತದೆ. ಮೂರು ತಿಂಗಳಾದ ಮೇಲೆ ಆ ಹುಡುಗ ಎಲ್ಲಿ ಮಲಗುತ್ತಿದ್ದಾನೆ, ಏನು ಉಣ್ಣುತ್ತಿದ್ದಾನೆ ಎಂದು ಕೇಳುವವಳು ಹೆತ್ತ ತಾಯಿ ಒಬ್ಬಳೇ.

ಪರದೇಶದಲ್ಲಿ ಹೊಂದಿಕೊಳ್ಳುವುದು ಹುಡುಗನ ಗಟ್ಟಿತನಕ್ಕೆ ಬಿಟ್ಟ ವಿಷಯವೆಂದು ದೊಡ್ಡವರು ಬುದ್ಧಿ ಹೇಳುತ್ತಾರೆ. ಚಳಿ ಅಭ್ಯಾಸವಾಗುತ್ತದಂತೆ, ಊಟ ಒಗ್ಗುತ್ತದಂತೆ. ಇದು ಉಳ್ಳವರ ಬುದ್ಧಿವಾದ. ಚಳಿ ಎಲ್ಲರಿಗೂ ಒಂದೇ ಇರಬಹುದು, ಕೋಟು ಕೊಳ್ಳುವ ಶಕ್ತಿ ಒಂದೇ ಅಲ್ಲ. ಕೈಯಲ್ಲಿ ಹಣ, ಹೇಳಿಕೊಡಲು ಜನ, ಇವೆರಡೂ ಇದ್ದವನು ವಾರದೊಳಗೆ ಪುಸ್ತಕ ಹಿಡಿಯುತ್ತಾನೆ. ಇಲ್ಲದವನ ಮೊದಲ ಅವಧಿ ಅಲೆದಾಟದಲ್ಲೇ ಮುಗಿಯುತ್ತದೆ.

ಜರ್ಮನಿಯನ್ನೇ ನೋಡಿ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ. ಬಡವರ ಮಕ್ಕಳು ಅತ್ತ ಮುಖ ಮಾಡುವುದು ಇದಕ್ಕಾಗಿಯೇ. ಆದರೆ ವಿದ್ಯಾರ್ಥಿ ವೀಸಾ ಬೇಕಾದರೆ ವರ್ಷದ ಖರ್ಚಿಗೆಂದು 11,904 ಯೂರೋ, ಎಂದರೆ ಹತ್ತು ಲಕ್ಷ ರೂಪಾಯಿಗೂ ಮೀರಿದ ಹಣವನ್ನು, ಮುಂಚಿತವಾಗಿ ಒಂದು ಮುಚ್ಚಿದ ಖಾತೆಯಲ್ಲಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುತ್ತಾರೆ. ಇಂಗ್ಲೆಂಡಿನವರ ಕಟ್ಟಳೆ ಬೇರೆ. ತೋರಿಸುವ ಹಣ ಬ್ಯಾಂಕಿನಲ್ಲಿ 28 ದಿನ ಕದಲದೆ ಇರಬೇಕು. ಆ ದಿನಗಳ ಮಟ್ಟಿಗೆ ಬಡ್ಡಿಗೆ ತಂದಿಟ್ಟು ತೋರಿಸುವವರೂ ಇದ್ದಾರೆ.

ಸಾಲ ಎತ್ತಬಹುದಲ್ಲ ಎನ್ನುವಿರಿ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಬ್ಯಾಂಕು ಆಸ್ತಿಯ ಆಧಾರ ಕೇಳುತ್ತದೆ. ಕಬಿನಿ ನಾಲೆಯ ಕೆಳಗೆ ಎರಡು ಎಕರೆ ಗದ್ದೆ ಇದೆಯೆಂದರೆ ವ್ಯವಸ್ಥಾಪಕರು ತಲೆಯಾಡಿಸುತ್ತಾರೆ. 2002ರ ಸರ್ಫೇಸಿ ಕಾಯಿದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ, ವಸೂಲಿ ಕಷ್ಟ; ಮೈಸೂರಿನಲ್ಲಿ ಸೈಟಿದೆಯೇ ಎಂಬುದು ಅವರ ಮುಂದಿನ ಪ್ರಶ್ನೆ. ನಾಡಿಗೆ ಭತ್ತ ಬೆಳೆದುಕೊಡುವ ಮಣ್ಣು ಮಗನ ಓದಿಗೆ ಜಾಮೀನಾಗದು!

ಹೇಗೋ ವಿಮಾನ ಹತ್ತಿದನೆನ್ನಿ. ಶನಿವಾರ ರಾತ್ರಿ ಇಳಿದರೆ ಮರುದಿನ ಭಾನುವಾರ, ಜರ್ಮನಿಯಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅಜ್ಜಿ ಕಟ್ಟಿಕೊಟ್ಟ ತುಪ್ಪವನ್ನು ಸುಂಕದವರು ಒಳಗೆ ಬಿಡುವುದಿಲ್ಲ, ಹಾಲಿನ ಪದಾರ್ಥಕ್ಕೆ ನಿಷೇಧವಿದೆ. (ಬಾಳೆಹಣ್ಣಿಗೆ ಮಾತ್ರ ರಹದಾರಿ ಬೇಡ, ನಮ್ಮ ರಸಬಾಳೆ ಸಿಕ್ಕಿದರೆ ಧಾರಾಳವಾಗಿ ಒಯ್ಯಬಹುದು, ಸಿಗುವುದೇ ಅಪರೂಪವೆಂಬುದು ಬೇರೆ ಮಾತು.) ಕೋಣೆಗೆ ಮೂರು ತಿಂಗಳ ಬಾಡಿಗೆಯವರೆಗೆ ಮುಂಗಡ ಕೇಳುತ್ತಾರೆ. ಅದನ್ನು ಮೂರು ಕಂತಿನಲ್ಲಿ ಕೊಡಲು ಅಲ್ಲಿಯ ಕಾನೂನಿನಲ್ಲೇ ಅವಕಾಶವಿದೆ. ಇದು ಗೊತ್ತಿಲ್ಲದ ಹುಡುಗ ಕೈಯಲ್ಲಿದ್ದುದನ್ನೆಲ್ಲ ಮೊದಲ ದಿನವೇ ಸುರಿದು ಬ್ರೆಡ್ಡು ತಿಂದು ಮಲಗುತ್ತಾನೆ. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅಗ್ಗದ ವಿದ್ಯಾರ್ಥಿನಿಲಯಕ್ಕೆ ಉದ್ದನೆಯ ಸಾಲಿದೆ, ಪ್ರವೇಶಪತ್ರ ಕೈಸೇರಿದ ದಿನವೇ ಅರ್ಜಿ ಹಾಕಿದವನಿಗೆ ಆಸೆ ಉಂಟು.

ಇದೆಲ್ಲ ಯಾರು ಹೇಳಬೇಕು? ಪಟ್ಟಣದ ಅನುಕೂಲಸ್ಥರಿಗೆ ಮ್ಯೂನಿಕ್ಕಿನಲ್ಲೊಬ್ಬ ಚಿಕ್ಕಪ್ಪ, ಲಂಡನ್ನಿನಲ್ಲೊಬ್ಬ ಭಾವ ಇರುತ್ತಾರೆ. ನಮ್ಮವರಿಗೆ ಇರುವವನು ಏಜೆಂಟ್ ಮಹಾಶಯ. ಸೀಟು ಗೊತ್ತುಮಾಡಿ ಕಮಿಷನ್ನು ಎಣಿಸಿದ ಮೇಲೆ ಅವನ ಫೋನು ಮೂಕವಾಗುತ್ತದೆ.

ಅಂಬೇಡ್ಕರರಂಥ ಮೇಧಾವಿಯನ್ನೂ ಹಣ ಕಾಡದೆ ಬಿಡಲಿಲ್ಲ. 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಬರೋಡ ಸಂಸ್ಥಾನ ತಿಂಗಳಿಗೆ ಕೊಡುತ್ತಿದ್ದ ಹನ್ನೊಂದೂವರೆ ಪೌಂಡಿನ ಮೇಲೆ. ವೇತನದ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮತ್ತೆ ಹೋದದ್ದು 1920ರಲ್ಲಿ. ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಜೊತೆಗೆ ನವಲ್ ಭಥೇನ ಎಂಬ ಪಾರ್ಸಿ ಗೆಳೆಯ ಕೊಟ್ಟ ಸಾಲ. ಈ ಭಥೇನ ಕೊಲಂಬಿಯಾದಲ್ಲಿ ಅವರ ಕೋಣೆಯ ಜೊತೆಗಾರ. ನ್ಯೂಯಾರ್ಕಿನಲ್ಲಿ ಕೋಣೆಯೂ ಗೆಳೆಯನೂ ಸಿಕ್ಕಿದ ಅದೇ ವ್ಯಕ್ತಿಗೆ 1917ರಲ್ಲಿ ಬರೋಡದಲ್ಲಿ ತಲೆಯಿಡಲು ಜಾಗ ಸಿಗಲಿಲ್ಲ. ಜಾತಿ ತಿಳಿದು ವಸತಿಗೃಹದಿಂದ ಹೊರಗಟ್ಟಿದರು. ಇಂದಿಗೂ ಕಣ್ಣಳತೆಯ ಮೈಸೂರಿನಲ್ಲಿ ಕೋಣೆ ಕೇಳಹೋದ ನಮ್ಮ ಹುಡುಗರಿಗೆ 'ನೀವು ಯಾವ ಪೈಕಿ?' ಎಂಬ ಪ್ರಶ್ನೆ ತಪ್ಪಿಲ್ಲ. ಅಂಥವರು ಪರದೇಶದ ಒಂಟಿತನಕ್ಕೆ ಅಂಜಲಾರರು. ಅಂಜುವುದು ಬಾಡಿಗೆಯ ದಿನಕ್ಕೆ.

ಕನ್ನಡದಲ್ಲೇ ಓದಿದವರು ಭಾಷೆಗೂ ಅಂಜಬೇಕಾಗಿಲ್ಲ. 1929ರಲ್ಲಿ ಬರ್ಲಿನ್ನಿಗೆ ಹೋದ ಲೋಹಿಯಾ ಜರ್ಮನ್ ಕಲಿತು, ಉಪ್ಪಿನ ತೆರಿಗೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು ಬಂದರು. ಜರ್ಮನ್ ಅಕ್ಷರದ ಮುಂದೆ ಕಾನ್ವೆಂಟಿನ ಹುಡುಗನೂ ಬನ್ನೂರಿನ ಸರ್ಕಾರಿ ಶಾಲೆಯ ಹುಡುಗಿಯೂ ಒಂದೇ ಮಣೆಯ ಮೇಲೆ ಕೂರುತ್ತಾರೆ.

ಸರ್ಕಾರದ ವಿದ್ಯಾರ್ಥಿವೇತನಗಳಿಲ್ಲವೇ? ಇವೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದಲೂ ಇದೆ, ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಬಂದಿದೆ. ಇವನ್ನು ಹಳಿಯುವುದು ಸಲ್ಲದು. ಆದರೆ 2025ರ ಜುಲೈಯಲ್ಲಿ ನಡೆದದ್ದೇನು? ಕೇಂದ್ರದ ಪಟ್ಟಿಯಲ್ಲಿ ಆಯ್ಕೆಯಾದವರು 106 ಮಂದಿ. ಮೊದಲಿಗೆ ಪತ್ರ ಕೊಟ್ಟದ್ದು 40 ಮಂದಿಗೆ. ಉಳಿದ 66 ಮಂದಿಗೆ ಹಣ ಒದಗಿದರೆ ನೋಡೋಣ ಎಂದರು. ಮನೆಯಲ್ಲಿ ಹಣವಿದ್ದಿದ್ದರೆ ಅವರು ಅರ್ಜಿಯನ್ನೇ ಹಾಕುತ್ತಿರಲಿಲ್ಲವಲ್ಲ!

ಆದ್ದರಿಂದ ವಿಮಾನ ಹತ್ತುವ ಮುನ್ನವೇ ಮೂರು ತಿಂಗಳ ಖರ್ಚು, ಕೋಣೆಯ ಮುಂಗಡವೂ ಸೇರಿ, ವಿದ್ಯಾರ್ಥಿಯ ಕೈಗೆ ಬರಬೇಕು. ನಂಜನಗೂಡು, ನರಸೀಪುರದ ಸಮಾಜ ಕಲ್ಯಾಣ ಕಛೇರಿಗಳಲ್ಲಿ ಓದಿ ಬಂದವರನ್ನು ವರ್ಷಕ್ಕೆ ನಾಲ್ಕು ಸಲ ಕೂರಿಸಿ, ಹೊರಡುವವರಿಗೂ ಅವರ ತಂದೆತಾಯಿಗೂ ಕನ್ನಡದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿಸಬೇಕು. ಇದಕ್ಕೆ ಖರ್ಚು ಚಹಾ, ಬಸ್ ಚಾರ್ಜು. ಇನ್ನು ಪಟ್ಟಿಯ ಮಾತು. ಇಂಗ್ಲೆಂಡಿನಲ್ಲಿ ಪಾಠ ಸೆಪ್ಟೆಂಬರಿನಲ್ಲಿ, ಜರ್ಮನಿಯಲ್ಲಿ ಅಕ್ಟೋಬರಿನಲ್ಲಿ ಆರಂಭ. ಜುಲೈಯಲ್ಲಿ ಹೆಸರು ಪ್ರಕಟಿಸಿದರೆ ವೀಸಾಕ್ಕೆ, ಕೋಣೆಗೆ ದಿನವೆಲ್ಲಿ ಉಳಿಯಿತು? ಪಟ್ಟಿ ಏಪ್ರಿಲಿನಲ್ಲಿ ಬರಲಿ.