ನಗು ಬಂತು ಅಂದ್ರೆ ಆಳ ಹೋಯ್ತಾ?

ಆಲ್ಬಂ ಮಾತು – 6

ಒಂದು ಬ್ಯಾಂಡ್ ವರ್ಷಗಟ್ಟಲೆ ಸಾವು, ಒಂಟಿತನ, ಕುಡಿತ ಅಂತ ಹಾಡಿದ್ರೆ ‘ಎಂಥಾ ಆಳ!’ ಅಂತೀವಿ. ಅದೇ ಬ್ಯಾಂಡ್ ಒಂದ್ಸಲ ‘ಇರ್ಲಿ ಬಿಡು, ಹೆಂಗೋ ಆಗುತ್ತೆ’ ಅಂತ ಹಾಡಿದ್ರೆ ‘ದುಡ್ಡಿಗೆ ಮಾರ್ಕೊಂಡ್ರು’ ಅಂತೀವಿ.

ಅಮೆರಿಕದ ಮಾಡೆಸ್ಟ್ ಮೌಸ್ ಬ್ಯಾಂಡಿಗೆ 2004ರಲ್ಲಿ ಆಗಿದ್ದು ಇದೇ. ಆ ವರ್ಷ ಬಂದ ಆಲ್ಬಂ ‘ಗುಡ್ ನ್ಯೂಸ್ ಫಾರ್ ಪೀಪಲ್ ಹೂ ಲವ್ ಬ್ಯಾಡ್ ನ್ಯೂಸ್’. ಅದರ ‘ಫ್ಲೋಟ್ ಆನ್’ ಹಾಡು ಬಿಲ್‌ಬೋರ್ಡ್‌ನ ಮಾಡರ್ನ್ ರಾಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಆಲ್ಬಂ ಗ್ರ್ಯಾಮಿಗೆ ನಾಮನಿರ್ದೇಶನವಾಯ್ತು. ಹೆಚ್ಚಿನ ವಿಮರ್ಶಕರು ಮೆಚ್ಚಿದರು. ಆದರೆ ಹಳೆಯ ಅಭಿಮಾನಿಗಳಲ್ಲಿ ಹಲವರದ್ದು ಒಂದೇ ರಾಗ: ‘ಮೊದಲಿನ ಥರ ಇಲ್ಲ.’

ನಾನೂ ಹಾಗೇ ಅಂತಿದ್ದೆ. ಈಗ ಅದು ತಪ್ಪು ಅನ್ಸುತ್ತೆ.

ಮೊದಲನೆಯದು, ‘ಮಾರ್ಕೊಂಡ್ರು’ ಅನ್ನೋ ವಾದವೇ ನಿಲ್ಲಲ್ಲ. ಎಲ್ಲರೂ ತಲೆ ಮೇಲೆ ಹೊತ್ತ 2000ದ ‘ದಿ ಮೂನ್ ಅಂಡ್ ಅಂಟಾರ್ಕ್ಟಿಕಾ’ ಬಂದಿದ್ದೂ ಅದೇ ಎಪಿಕ್ ಕಂಪನಿಯಿಂದ. ಆಗ ಯಾಕೆ ಸುಮ್ಮನಿದ್ವಿ? ಹಾಡು ಕತ್ತಲೆಯದ್ದಾಗಿತ್ತು, ಅಷ್ಟೇ.

ಎರಡನೆಯದು, ‘ಫ್ಲೋಟ್ ಆನ್’ನಲ್ಲಿ ಏನಾಗುತ್ತೆ ನೋಡಿ. ಒಬ್ಬ ತನ್ನ ಕಾರನ್ನ ಪೊಲೀಸ್ ಕಾರಿಗೇ ಗುದ್ದುತ್ತಾನೆ, ಮೋಸಗಾರನ ಕೈಗೆ ದುಡ್ಡೆಲ್ಲ ಕೊಟ್ಟು ಬರ್ತಾನೆ. ಕಷ್ಟ ಎಲ್ಲೂ ಮಾಯ ಆಗಲ್ಲ. ಆದ್ರೂ ಮನುಷ್ಯ ಮುಳುಗಲ್ಲ. ಸುತ್ತಲೂ ಬರೀ ಕೆಟ್ಟ ಸುದ್ದಿ ಕೇಳಿ ಬೇಸತ್ತು, ಬೇಕಂತಲೇ ಇಂಥ ಹಾಡು ಬರೆದೆ ಅಂತ ಐಸಾಕ್ ಬ್ರಾಕ್ ಹೇಳಿಕೊಂಡಿದ್ದಾರೆ. ಇರಾಕ್ ಯುದ್ಧದ ಕಾಲ ಅದು. ಅವತ್ತು ಸಿಟ್ಟಾಗೋದು ಸುಲಭ ಇತ್ತು.

ಇನ್ನು ಆಲ್ಬಂ ಪೂರ್ತಿ ಸಕ್ಕರೆಯೇನಲ್ಲ. ಹೂಳೋ ಮಾತಿದೆ, ಶವಪೆಟ್ಟಿಗೆ ಇದೆ, ದೇವರ ಜತೆ ಜಗಳ ಇದೆ. ಡರ್ಟಿ ಡಜನ್ ಬ್ರಾಸ್ ಬ್ಯಾಂಡ್‌ನವರ ತುತ್ತೂರಿ ಹಬ್ಬದ್ದೋ ಮಸಣದ್ದೋ ಗೊತ್ತಾಗಲ್ಲ. ಕೊರತೆ ಇಲ್ಲ ಅಂತಲ್ಲ: 16 ಟ್ರ್ಯಾಕ್ ಜಾಸ್ತಿಯಾಯ್ತು, ನಡುವೆ ಅಲ್ಲಲ್ಲಿ ಜಾಳು. ಬೈಯೋದಿದ್ರೆ ಅದಕ್ಕೆ ಬೈಯೋಣ, ನಗುವಿಗಲ್ಲ.

ಕೆಟ್ಟ ದಿನಗಳಲ್ಲಿ ನಮಗೆ ದುಃಖದ ಹಾಡು ಜತೆಗಿರುತ್ತೆ, ನಿಜ. ಆದ್ರೆ ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಇನ್ನೊಂದು ಥರದ ಹಾಡು ಬೇಕು. ಅದನ್ನ ಹಗುರ ಅಂತ ತಳ್ಳಿಹಾಕಿದ್ರೆ ನಷ್ಟ ಬ್ಯಾಂಡಿಗಲ್ಲ, ನಮಗೆ.

ನೀವು ಹೀಗೆ ಬೈದು, ಆಮೇಲೆ ಇಷ್ಟಪಟ್ಟ ಆಲ್ಬಂ ಯಾವುದು? ಕಮೆಂಟಲ್ಲಿ ಹೇಳಿ.

#ಆಲ್ಬಂಮಾತು #ಮಾಡೆಸ್ಟ್‌ಮೌಸ್ #ಕನ್ನಡದಲ್ಲಿಸಂಗೀತ